ಪೀರ್ ಸಾಬರ ಕುದುರೆಯ ಬಾಲ

ಗಾಳದ ದಾರಕ್ಕೆ ಹೆಣ್ಣು ಕುದುರೆಯ ಬಾಲದ ಕೂದಲು ಆಗಿಬರುವುದಿಲ್ಲ. ಇದು ಹಗುರವಾಗಿ ಹೇಳಿ ಮುಗಿಸುವ ಮಾತಲ್ಲ. ಎಷ್ಟೋ ವಿಷಯಗಳ ಮೇಲೆ ಎಷ್ಟೋ ಕಾಗದ ಖರ್ಚು ಮಾಡಿದ ಮೈಸೂರು ಸರ್ಕಾರ ಈ ಒಂದು ವಿಷಯದಲ್ಲಿ ಯಾವ ಹುಕುಮನ್ನೂ ಹೊರಡಿಸಿರಲಿಲ್ಲವೆಂಬುದು ಆಡಳಿತದ ದೊಡ್ಡ ಲೋಪವೆಂದೇ ಹುಣಸೂರು ತಾಲ್ಲೂಕು ಕಚೇರಿಯ ಜವಾನ ಮಂಟಯ್ಯನ ಅಭಿಪ್ರಾಯ. ಹೆಣ್ಣು ಕುದುರೆ ಉಚ್ಚೆ ಹೊಯ್ಯುವಾಗ ತನ್ನ ಬಾಲವನ್ನು ತಾನೇ ನೆನೆಸಿಕೊಳ್ಳುತ್ತದೆ. ಆ ಉಪ್ಪುನೀರಿಗೆ ಕೂದಲು ಲಡ್ಡಾಗಿ, ಅಂಗೈಯಗಲದ ಮೀನು ಎಳೆದರೂ ಪಟ್ಟನೆ ತುಂಡಾಗುತ್ತದೆ. ಗಂಡು ಕುದುರೆಯದೇ ಬೇಕು. ಅದರಲ್ಲೂ ಬಿಳಿಯದಾದರೆ ನೀರಿನೊಳಗೆ ಮೀನಿನ ಕಣ್ಣಿಗೆ ಬೀಳುವುದಿಲ್ಲ. ಅದರಲ್ಲೂ ತಾನಾಗಿ ಉದುರಿದ್ದಲ್ಲ, ಬೇರು ಸಮೇತ ಕಿತ್ತದ್ದಾಗಬೇಕು.

ಈ ಕೊನೆಯ ಅಂಶವನ್ನು ಮಾತ್ರ ಮಂಟಯ್ಯ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಈಗಲೂ, ಜಟಕಾ ಪೀರ್ ಸಾಬರು ಸಂಜೆಯ ನಮಾಜಿಗೆಂದು ಮಸೀದಿಗೆ ಹೋದ ಹೊತ್ತು ನೋಡಿ, ಅವರ ಲಾಯದಲ್ಲಿ ಕುದುರೆಯ ಮುಂದೆ ಹಸಿ ಹುಲ್ಲಿನ ಹೊರೆ ಬಿಚ್ಚಿಹಾಕಿ, ಮೆಲ್ಲಗೆ ಹಿಂದಕ್ಕೆ ಬಂದು, ಬಾಲದ ಒಳಮಗ್ಗುಲಿನ ಒಂದು ಎಳೆಯನ್ನು ತೋರುಬೆರಳಿಗೆ ಸುತ್ತಿಕೊಂಡು ಚಕ್ಕನೆ ಎಳೆದ. ಕುದುರೆ ಹಿಂಗಾಲು ಎತ್ತಿತು. ಏನೋ ಯೋಚಿಸಿ ಹಾಗೆಯೇ ಇಳಿಸಿತು. ಹುಲ್ಲಿನ ಮೇಲಿನ ಗೌರವಕ್ಕೆ ಇರಬೇಕು.

"ತಡ್ಕಳಪ್ಪ ಚಾಂದು, ಇನ್ನೊಂದೇ ಒಂದು," ಎಂದ ಮಂಟಯ್ಯ. ಆ ಮಾತನ್ನು ಅವನು ಆ ಸಂಜೆ ಆಗಲೇ ಹಲವು ಸಲ ಹೇಳಿದ್ದ.

ಮಂಟಯ್ಯನಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ, ನಾಟಕದ ಹುಚ್ಚೂ ಇರಲಿಲ್ಲ. ಇದ್ದದ್ದು ಗಾಳವೊಂದೇ. "ಕುಡುದ್ರೆ ಮನೆ ಜಗಲೀಲಾದ್ರೂ ಬಿದ್ದಿರ್ತಿತ್ತು, ಇದು ಹೊಳೆ ದಡದಲ್ಲಿ ಬಿದ್ದಿರ್ತದೆ," ಎಂದು ಅವನ ಹೆಂಡತಿ ಭಾಗ್ಯಮ್ಮ ನೆರೆಮನೆಯವರಿಗೆ ಹೇಳುತ್ತಿದ್ದಳು. ಒಮ್ಮೆ ಅಮಲ್ದಾರರ ಅಪ್ಪಣೆಯಂತೆ ಕಾಫಿ ತೋಟದ ದೊರೆಯೊಬ್ಬನ ಚೀಲ ಹೊತ್ತು ಅವನು ಚುಂಚನಕಟ್ಟೆಯವರೆಗೆ ಹೋಗಿದ್ದ. ದೊರೆಯ ಗಾಳದ ಕೋಲಿಗೆ ಹಿತ್ತಾಳೆಯ ರಾಟೆಯಿತ್ತು, ರಾಟೆಯ ತುಂಬ ರೇಷ್ಮೆ ದಾರವಿತ್ತು. ದೊರೆ ಇಡೀ ದಿನ ಬಿಸಿಲಲ್ಲಿ ನಿಂತು ಒಂದು ಮೀನನ್ನೂ ಹಿಡಿಯಲಿಲ್ಲ. ಆದರೂ ಆ ರಾಟೆಯ ಕಿರ್ರೆನ್ನುವ ಸದ್ದು ಮಂಟಯ್ಯನ ಕಿವಿಯಿಂದ ಹೋಗಲಿಲ್ಲ. ಅಂಥದೊಂದನ್ನು ಜವಾನನ ಸಂಬಳದಲ್ಲಿ ಕೊಳ್ಳಬೇಕಾದರೆ ಮಕ್ಕಳು ಉಣ್ಣದೆ ದೊಡ್ಡವರಾಗಬೇಕಿತ್ತು.

ಆದ್ದರಿಂದ ಅವನು ಬಡವರ ದಾರಿ ಹಿಡಿದ. ಕೋಲು, ಮರದ ಡಿಪೋದ ಹಿಂದೆ ಬಿಸಾಡಿದ್ದ ಬಿದಿರು. ಮುಳ್ಳು, ಭಾಗ್ಯಮ್ಮನ ಕೌದಿ ಹೊಲಿಯುವ ಸೂಜಿಯನ್ನು ದೀಪದಲ್ಲಿ ಕಾಯಿಸಿ ಬಗ್ಗಿಸಿದ್ದು. ಕಳೆದುಹೋದ ಆ ಸೂಜಿಗಾಗಿ ಅವಳು ಇನ್ನೂ ಮಗಳನ್ನು ಬಯ್ಯುತ್ತಿದ್ದಳು. ಬೆಂಡಿಗೆ ಒಣ ಕತ್ತಾಳೆ ಬೊಂಬಿನ ತುಂಡು, ಎರೆಗೆ ರಾತ್ರಿಯ ಮುದ್ದೆಯಲ್ಲಿ ಚಿವುಟಿಟ್ಟುಕೊಂಡ ರಾಗಿ. ದಾರದ ಯೋಚನೆಯನ್ನು ಪೀರ್ ಸಾಬರು ತೀರಿಸಿದ್ದರು. ಹೊಳೆಯಿಂದ ಬರುವಾಗ ಮಂಟಯ್ಯ ದಡದ ಹಸಿ ಹುಲ್ಲು ಕೊಯ್ದು ತರುವುದು, ಪೀರ್ ಸಾಬರು ಕುದುರೆ ಬಾಚುವಾಗ ಉದುರಿದ ಬಾಲದ ಕೂದಲನ್ನು ಗೂಡಿನಲ್ಲಿ ಎತ್ತಿಟ್ಟು ಕೊಡುವುದು. ಇದು ವರ್ಷಗಟ್ಟಲೆ ನಡೆದುಬಂದ ಪದ್ಧತಿ. ಇಬ್ಬರಿಗೂ ಮುಫತ್ತು, ಇಬ್ಬರೂ ತಾನೇ ಹೆಚ್ಚು ಲಾಭ ಪಡೆದವನೆಂದು ಒಳಗೊಳಗೇ ನಂಬಿದ್ದರು.

ಹಾಗೆಯೇ ನಡೆದುಹೋಗುತ್ತಿತ್ತೇನೋ. ಆದರೆ ದೀಪಾವಳಿ ಕಳೆದು ಹೊಳೆ ತಿಳಿಯಾದ ಮೇಲೆ, ಸೇತುವೆಯ ಕೆಳಗಿನ ಮಡುವಿನಲ್ಲಿ ಮಂಟಯ್ಯನಿಗೆ ಒಂದು ಗೆಂಡೆ ಮೀನು ಕಂಡಿತು. ಕಂಡಿತು ಎಂದರೆ ಸಾಲದು. ಅದು ಅವನ ರಾಗಿ ತಿಂದಿತು, ಮುಳ್ಳು ನುಂಗಿತು, ಉದುರುಗೂದಲಿನ ದಾರವನ್ನು ನೂಲಿನಂತೆ ಹರಿದುಕೊಂಡು ಬಾಲ ತೋರಿಸಿ ಹೋಯಿತು. ಅಂದಿನಿಂದ ಮಂಟಯ್ಯನಿಗೆ ಕಚೇರಿಯಲ್ಲಿ ಕೂಗಿದರೆ ಕೇಳಿಸುತ್ತಿರಲಿಲ್ಲ. ಅಂದಿನಿಂದಲೇ ಅವನು ನಮಾಜಿನ ವೇಳೆಯನ್ನು ಮಸೀದಿಯ ಮುಲ್ಲಾನಷ್ಟೇ ನಿಷ್ಠೆಯಿಂದ ಗಮನಿಸತೊಡಗಿದ್ದು.

ಕೂದಲನ್ನು ಚಡ್ಡಿಯ ಜೇಬಿಗೆ ತುರುಕುವಷ್ಟರಲ್ಲಿ ಪೀರ್ ಸಾಬರು ಬಂದರು. ತೆಳ್ಳನೆಯ ಮನುಷ್ಯ, ಈಚೆಗೆ ಇನ್ನಷ್ಟು ತೆಳ್ಳಗಾಗಿದ್ದರು. ಮೈಸೂರು ರಸ್ತೆಯಲ್ಲಿ ಮೋಟಾರು ಬಸ್ಸು ಓಡಾಡಲು ಹತ್ತಿದ ಮೇಲೆ ಜಟಕಾ ಹತ್ತುವವರು ಬಾಣಂತಿಯರು, ಮುದುಕರು, ಬಸ್ಸು ತಪ್ಪಿಸಿಕೊಂಡವರು ಮಾತ್ರ.

"ಒಂದ್ ಮಾತು, ಮಂಟಣ್ಣ," ಎಂದರು ಅವರು ಕುದುರೆಯ ಕತ್ತು ಸವರುತ್ತ. "ಚಾಂದನ್ನ ಮಾರ್ಬುಡ್ತೀನಿ."

"ಅಯ್! ಯಾಕ್ ಸಾಬ್ರೇ?"

"ಯಾಕೆ ಅಂತ ಕೇಳ್ತೀಯಲ್ಲ. ಹುರುಳಿಗೆ ದುಡ್ಡಿಲ್ಲ ಕಣಪ್ಪ. ನಿನ್ನ ಹುಲ್ಲೊಂದು ಇಲ್ದಿದ್ರೆ ಇಷ್ಟೊತ್ಗೆ ಇದ್ರ ಮೂಳೆ ಎಣಿಸ್ಬೋದಾಗಿತ್ತು. ಪಿರಿಯಾಪಟ್ಟಣದ ಕಂಠಪ್ಪ ಅಂತ ಅವ್ರೆ, ಮದುವೆ ಮೆರವಣಿಗೆಗೆ ಬ್ಯಾಂಡು, ಗ್ಯಾಸ್‌ಲೈಟು, ಕುದುರೆ ಎಲ್ಲ ಬಾಡಿಗೆಗೆ ಬುಡ್ತಾರೆ. ಮಾಘಮಾಸದ ಲಗ್ನಕ್ಕೆ ಬಿಳೀದೇ ಬೇಕಂತೆ. ಭಾನುವಾರ ನೋಡಕ್ ಬತ್ತಾರೆ. ಕೊಟ್ಟ ದುಡ್ನಾಗೆ ಒಂಟೆತ್ತಿನ ಗಾಡಿ ಮಾಡ್ಕಂಡ್ರೆ, ಹೊಗೆಸೊಪ್ಪು ಹೊತ್ಕಂಡಾದ್ರೂ ಬದುಕ್ತೀವಿ. ಹೊಗೆಸೊಪ್ಪು ಬಸ್ ಹತ್ತಕಿಲ್ಲವಲ್ಲ!" ಎಂದು ನಕ್ಕರು. "ಈ ಯಾಪಾರ ಆಗ್ಲಿಲ್ಲ ಅಂದ್ರೆ ಕುದುರೇನೂ ಹೋಯ್ತದೆ, ನಾವೂ ಹೋಯ್ತೀವಿ."

ಮಂಟಯ್ಯನ ಮನಸ್ಸಿನಲ್ಲಿ ಎರಡು ಯೋಚನೆಗಳು ಬಂದವು. ಒಂದು ಗೆಳೆಯನ ಕಷ್ಟದ್ದು. ಇನ್ನೊಂದು, ಹೆಣೆಯುತ್ತಿದ್ದ ದಾರ ಇನ್ನೂ ಎರಡು ಮಾರು ಗಿಡ್ಡವಾಗಿದೆ ಎಂಬುದು. ಎರಡನೆಯದು ಮೊದಲು ಬಂತು.

ಭಾನುವಾರದವರೆಗೆ ಅವನು ದಿನಾ ಸಂಜೆ ಹುಲ್ಲು ತಂದ, ಹಿಂದಿಗಿಂತ ದೊಡ್ಡ ಹೊರೆಯನ್ನೇ ತಂದ. ಮೇಲಿನ ಕೂದಲನ್ನು ಮುಟ್ಟದೆ ಒಳಗಿನದನ್ನೇ ಕಿತ್ತ. ಅಷ್ಟರ ಮಟ್ಟಿಗೆ ಅವನಲ್ಲಿ ವಿವೇಕವಿತ್ತು. ಇಳಿಬಿಟ್ಟ ಬಾಲ ನೋಡಿದರೆ ಎಲ್ಲ ಮೊದಲಿನ ಹಾಗೆಯೇ ಕಾಣುತ್ತಿತ್ತು. ಪಿರಿಯಾಪಟ್ಟಣಕ್ಕೆ ಹೋಗುವ ಕುದುರೆಗೆ ಬಾಲದಲ್ಲಿ ನಾಲ್ಕು ಕೂದಲು ಕಮ್ಮಿಯಾದರೆ ಏನಂತೆ ಎಂದು ಅವನು ತನಗೆ ತಾನೇ ಕೇಳಿಕೊಂಡ. ಕೇಳಿದವನೂ ಉತ್ತರ ಹೇಳುವವನೂ ಒಬ್ಬನೇ ಆದ್ದರಿಂದ ತೀರ್ಮಾನ ತಡವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಕಂಠಪ್ಪ ಬಂದ. ಅಂಗವಸ್ತ್ರ, ಬಾಯಿತುಂಬ ಎಲೆಅಡಿಕೆ, ಕುದುರೆಗಿಂತ ಚೆನ್ನಾಗಿ ಮೇದ ಮೈ. ಪೀರ್ ಸಾಬರು ಚಾಂದನ್ನು ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದರು. ಅವರ ಹೆಂಡತಿ ಗುಲ್ಜಾರ್ ಬೀ ಬಾಗಿಲ ಗೋಣಿ ಪರದೆಯ ಹಿಂದೆ ನಿಂತಿದ್ದಳು. ಗಾಳದ ಕೋಲು ಹಿಡಿದು ಹೊಳೆಗೆ ಹೊರಟಿದ್ದ ಮಂಟಯ್ಯನನ್ನು ಪೀರ್ ಸಾಬರೇ ಕರೆದು ನಿಲ್ಲಿಸಿಕೊಂಡಿದ್ದರು. ಯಾಪಾರದ ಹೊತ್ತಿಗೆ ಸರ್ಕಾರಿ ಮನುಷ್ಯನೊಬ್ಬ ಪಕ್ಕದಲ್ಲಿದ್ದರೆ ಚೆಂದವೆಂದು.

ಕಂಠಪ್ಪ ಹಲ್ಲು ನೋಡಿದ, ಗೊರಸು ತಟ್ಟಿದ, ಹಣೆಯ ಸುಳಿ, ಎದೆಯ ಸುಳಿ ಎಲ್ಲವನ್ನೂ ಬೆರಳಿಟ್ಟು ಪರೀಕ್ಷಿಸಿದ. ತಲೆ ಆಡಿಸಿದ. ಪೀರ್ ಸಾಬರ ಮುಖ ಅರಳಿತು.

"ಸುಳಿ ಸುದ್ಧವಾಗಿ ಅದೆ ಸಾಬ್ರೇ. ಎಲ್ಲಿ, ಬಾಲ ನೋಡಣ."

"ಬಾಲ ಏನ್ ನೋಡ್ತೀರಿ ಸ್ವಾಮಿ, ನೆಲ ಗುಡಿಸ್ತದೆ!"

"ನೋಡ್ಬೇಕು ಕಣ್ರೀ. ಮದುಮಗ ಕುದುರೆ ಮ್ಯಾಲೆ ಇರ್ತಾನೆ, ಜನ ಹಿಂದೆ ಇರ್ತಾರೆ. ದುಡ್ಡು ಕೊಡೋ ಬೀಗರೂ ಹಿಂದೇನೇ ಇರ್ತಾರೆ. ಊರಗಲ ಅವ್ರು ನೋಡೋದು ಬಾಲಾನೇಯ."

ಹೇಳುತ್ತಲೇ ಅವನು ಬಾಲವನ್ನು ಎತ್ತಿ ಮಗುಚಿದ. ಮೇಲುಗಡೆ ರೇಷ್ಮೆಯಂತೆ ಇಳಿಬಿದ್ದ ಕೂದಲ ಕೆಳಗೆ ಒಳಮಗ್ಗುಲು ಉದ್ದಕ್ಕೂ ಬೋಳಾಗಿ, ಅಲ್ಲಲ್ಲಿ ಕೆಂಪು ಚುಕ್ಕೆ ಎದ್ದು, ಸುಲಿದ ಕೋಳಿಯ ಕತ್ತಿನಂತೆ ಕಾಣುತ್ತಿತ್ತು.

"ಇದೇನ್ ಸಾಬ್ರೇ! ಮ್ಯಾಲೆ ಜರತಾರಿ ಸೀರೆ, ಒಳಗೆ ಹರಕಲು ಲಂಗ?"

ಪೀರ್ ಸಾಬರು ಬಗ್ಗಿ ನೋಡಿದರು. ಅವರೂ ಅದನ್ನು ಕಂಡದ್ದು ಅದೇ ಮೊದಲು. "ಅಲ್ಲಾನ ಆಣೆ, ನಂಗೆ ಗೊತ್ತೇ ಇಲ್ಲ ಸ್ವಾಮಿ. ದಿನಾ ನಾನೇ ಬಾಚ್ತೀನಿ, ಮ್ಯಾಲಿಂದ ಬಾಚ್ತೀನಿ…"

"ಹೊಟ್ಟೇಲಿ ಹುಳ ಬಿದ್ರೆ ಗೋಡೆಗೆ ಉಜ್ಜಿ ಉಜ್ಜಿ ಹಿಂಗೇ ಮಾಡ್ಕತವೆ. ಇಲ್ಲಾಂದ್ರೆ ಕಜ್ಜಿ."

"ಹುಳ ಇಲ್ಲ, ಕಜ್ಜಿ ಇಲ್ಲ. ನನ್ ಮಾತು ಬ್ಯಾಡ, ಈ ಮಂಟಣ್ಣನ್ನ ಕೇಳಿ. ಕಚೇರಿ ಮನ್ಸ, ಸುಳ್ಳೇಳೋನಲ್ಲ. ದಿನಾ ಇದ್ಕೆ ಹುಲ್ಲಾಕೋನು ಅವ್ನೇ. ಹೇಳಪ್ಪ ಮಂಟಣ್ಣ, ಇದ್ಕೇನಾದ್ರೂ ಕಾಯ್ಲೆ ಅದಾ?"

ಎಲ್ಲರೂ ಮಂಟಯ್ಯನ ಕಡೆ ತಿರುಗಿದರು. ಹೇಳಬೇಕಾಗಿದ್ದ ಮಾತು ಚಿಕ್ಕದು. ನಾನೇ ಕಿತ್ತೆ, ಕುದುರೆಗೆ ಏನೂ ಆಗಿಲ್ಲ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಬರುತ್ತದೆ ಎಂದರೆ ಮುಗಿಯಿತು. ಹಾಗೆಂದಿದ್ದರೆ ಕಂಠಪ್ಪ ನಗುತ್ತಿದ್ದ, ನಾಳೆ ಇಡೀ ಕಚೇರಿ ನಗುತ್ತಿತ್ತು, ಪೀರ್ ಸಾಬರು ಬಯ್ಯುತ್ತಿದ್ದರು, ಆಮೇಲೆ ಅವರೂ ನಗುತ್ತಿದ್ದರೇನೋ. ಕುದುರೆಯ ಬಾಲಕ್ಕೆ ಕನ್ನ ಹಾಕಿದ ಜವಾನ ಎಂದು ಶಿರಸ್ತೇದಾರರು ಬಂದವರಿಗೆಲ್ಲ ತನ್ನನ್ನು ತೋರಿಸುವುದು ಮಂಟಯ್ಯನ ಕಣ್ಣಿಗೆ ಕಟ್ಟಿತು.

"ಕಾಯ್ಲೆ ಇಲ್ಲ ಸ್ವಾಮಿ," ಎಂದ. "ಚಳಿಗಾಲ ನೋಡಿ. ಉದುರ್ತದೆ."

"ಉದುರ್ತದಾ?"

"ಊ. ತಾನಾಗೇ ಉದುರ್ತದೆ."

"ನೀನೇ ಕಂಡಿದ್ದೀಯಾ?"

"ದಿನಾ ಕಾಣ್ತೀನಲ್ಲ," ಎಂದ ಮಂಟಯ್ಯ. ಇದರಿಂದ ಗೆಳೆಯನಿಗೆ ಉಪಕಾರವಾಯಿತೆಂದೇ ಅವನಿಗೆ ಅನ್ನಿಸಿತ್ತು.

ಕಂಠಪ್ಪ ಬಾಲವನ್ನು ಕೈಬಿಟ್ಟು, ಅಂಗೈ ಒರೆಸಿಕೊಂಡ. "ಮುಗೀತಲ್ಲ. ಉಜ್ಕಂಡಿದ್ರೆ ಔಸ್ದಿ ಆಕ್ಬೋದು. ತಾನಾಗೇ ಉದುರೋ ಬಾಲಕ್ಕೆ ಯಾವ ಔಸ್ದಿ? ಅಂಥ ಕುದುರೆ ಮ್ಯಾಲೆ ಮದುಮಗನ್ನ ಕೂರಿಸ್ದೆ ಅಂದ್ರೆ ಹೆಣ್ಣಿನ ಕಡೆಯೋರು ನನ್ನ ತಲೆಕೂದಲು ಉದುರಿಸ್ತಾರೆ. ಬತ್ತೀನಿ ಸಾಬ್ರೇ. ಹಂಪಾಪುರದಲ್ಲೊಂದು ಬಿಳೀದಿದೆಯಂತೆ, ನೋಡ್ಕಬತ್ತೀನಿ."

ಪೀರ್ ಸಾಬರು ಬೀದಿಯ ತಿರುವಿನವರೆಗೆ ಅವನ ಹಿಂದೆ ಹೋದರು. ದರ ಇಳಿಸುತ್ತೇನೆಂದರು, ಅರ್ಧಕ್ಕೆ ಬಂದರು. ಪರದೆಯ ಹಿಂದಿನಿಂದ ಗುಲ್ಜಾರ್ ಬೀ ಒಳಕ್ಕೆ ಹೋದ ಸದ್ದಾಯಿತು. ಅಂಗಳದಲ್ಲಿ ಕುದುರೆಯೂ ಮಂಟಯ್ಯನೂ ಇಬ್ಬರೇ ಉಳಿದರು. ಅವನು ಕೋಲು ಹೆಗಲಿಗೇರಿಸಿ ಹೊಳೆಗೆ ಹೋದ.

ಆ ಮಧ್ಯಾಹ್ನ ಗೆಂಡೆ ಸಿಕ್ಕಿತು. ಮಡುವಿನಲ್ಲಿ ಅದು ಅತ್ತಿಂದಿತ್ತ ಜಗ್ಗಾಡಿತು, ಬಂಡೆಯ ಕೆಳಗೆ ನುಗ್ಗಿತು, ಬಿದಿರು ಬಿಲ್ಲಿನಂತೆ ಬಾಗಿತು. ದಾರದ ಒಂದೆಳೆಯೂ ಹರಿಯಲಿಲ್ಲ. ಮೊಣಕಾಲುದ್ದದ ಮೀನನ್ನು ಮರಳಿನ ಮೇಲೆ ಎಳೆದುಹಾಕಿ ಮಂಟಯ್ಯ ಬಹಳ ಹೊತ್ತು ಅದರ ಪಕ್ಕದಲ್ಲಿ ಕುಳಿತ. ಇಷ್ಟು ದಿನ ಕನಸಿನಲ್ಲಿ ಈ ಮೀನು ಹಿಡಿದಾಗಲೆಲ್ಲ ಅವನು ಕೂಗಿಕೊಂಡು ಎಚ್ಚರಗೊಳ್ಳುತ್ತಿದ್ದ. ಈಗ ಕೂಗುವುದಕ್ಕೆ ಏನೂ ತೋಚಲಿಲ್ಲ. ಮುಳ್ಳು ಕರುಳಿನವರೆಗೂ ಇಳಿದಿತ್ತು. ಕಿತ್ತರೆ ಮಾಂಸ ಕೆಡುವುದೆಂದು ದಾರವನ್ನು ಬಾಯಲ್ಲೇ ಬಿಟ್ಟು, ಮೀನನ್ನು ಹೆಗಲ ಮೇಲೆ ಹಾಕಿಕೊಂಡು ನೆಟ್ಟಗೆ ಪೀರ್ ಸಾಬರ ಮನೆಗೆ ನಡೆದ. ತನ್ನ ಮನೆಗೆ ಒಂದು ತುಂಡೂ ಬೇಡವೆಂದು ದಾರಿಯಲ್ಲೇ ನಿರ್ಧರಿಸಿದ್ದ.

"ತಗಳಿ ಸಾಬ್ರೇ. ಪೂರಾ ನಿಮ್ಗೇಯ."

ಪೀರ್ ಸಾಬರು ಎದ್ದು ಮೀನನ್ನು ಎರಡು ಕೈಯಲ್ಲೂ ತೆಗೆದುಕೊಂಡರು. ಮನೆಯಲ್ಲಿ ಬೆಳಗಿನಿಂದ ಒಲೆ ಹಚ್ಚಿರಲಿಲ್ಲ. ಮೀನಿನ ಬಾಯಿಂದ ಇಳಿಬಿದ್ದಿದ್ದ ದಾರವನ್ನು ಬಿಡಿಸಹೋಗಿ, ಬೆರಳುಗಳ ನಡುವೆ ಹಿಡಿದು ನಿಂತರು. ಬಿಳಿಯ ಕೂದಲು, ಒತ್ತಾಗಿ ಹೊಸೆದದ್ದು, ಮಾರುಗಟ್ಟಲೆ ಉದ್ದ. ಕುದುರೆ ಸಾಕಿದವನ ಬೆರಳು ಕೂದಲಿನ ತುದಿಯ ಬೇರನ್ನು ಗುರುತಿಸದೆ ಇರುವುದಿಲ್ಲ. ಅವರು ಲಾಯದ ಕಡೆ ಒಮ್ಮೆ ನೋಡಿದರು.

"ಗಟ್ಟಿಯಾಗಿ ಅದೆ," ಎಂದರು.

ಪೀರ್ ಸಾಬರು ದಾರವನ್ನು ಹಲ್ಲಿನಲ್ಲಿ ಕಡಿದು, ಸುರುಳಿ ಸುತ್ತಿ, ಅವನ ಅಂಗೈ ಮೇಲಿಟ್ಟರು. ಮೀನನ್ನು ಒಳಗೆ ಕೊಟ್ಟು ಬಂದರು. ಬಾಗಿಲ ಬಳಿ ನಿಂತು, ಇಷ್ಟು ವರ್ಷದಲ್ಲಿ ಒಮ್ಮೆಯೂ ಕರೆಯದ ರೀತಿಯಲ್ಲಿ ಅವನನ್ನು ಕರೆದರು.

"ಮಂಟಯ್ಯನವರೇ, ನಾಳೆಯಿಂದ ನೀವು ಹುಲ್ಲು ತರ್ಬೇಡಿ."

ಮಂಟಯ್ಯ ಆಗಲಿ ಎಂದ. ಮರುದಿನ ತರಲಿಲ್ಲ. ಅದರ ಮರುದಿನ ಲಾಯದ ಬೀದಿಯನ್ನೇ ಬಿಟ್ಟು ಸುತ್ತುಬಳಸಿ ಕಚೇರಿಗೆ ಹೋದ. ಆ ದಾರಿ ಅಷ್ಟೇನೂ ದೂರವಿಲ್ಲವೆಂದು ಅವನಿಗೆ ಅನ್ನಿಸಿತು. ಕಂಠಪ್ಪ ಹಂಪಾಪುರದ ಕುದುರೆಯನ್ನು ಕೊಂಡ. ಉದುರುವ ಬಾಲದ ಸುದ್ದಿ ಸಂತೆಯಿಂದ ಸಂತೆಗೆ ಹೋಗಿ, ಚಾಂದನ್ನು ಕೇಳಿಕೊಂಡು ಮತ್ತೆ ಯಾರೂ ಬರಲಿಲ್ಲ. ಆ ವರ್ಷ ಬಿಸಿಲು ಬೇಗ ಹತ್ತಿ, ಊರ ಸುತ್ತ ಹೊಳೆ ದಡ ಬಿಟ್ಟರೆ ಬೇರೆಲ್ಲೂ ಹಸಿರಿರಲಿಲ್ಲ.

ಶಿವರಾತ್ರಿಗೆ ಮೊದಲೇ ಕುದುರೆ ಸತ್ತಿತು. ಪೀರ್ ಸಾಬರು ಜಟಕಾವನ್ನು ಸೌದೆಯ ಬೆಲೆಗೆ ಮಾರಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೊಡಗಿನ ಕಾಫಿ ತೋಟವೊಂದಕ್ಕೆ ಕೂಲಿಗೆ ಹೋದರು.