ಅಕ್ಕ ಎತ್ತಿಕೊಂಡ ಪಾಲು

ಅಪ್ಪನ ಕೈಗಳು ನಲವತ್ತೈದರ ಹೊತ್ತಿಗೆ ತಾವಾಗಿಯೇ ಕುಣಿಯತೊಡಗಿದ್ದವು. ಬುದ್ಧಿಯೂ ಮೆಲ್ಲಮೆಲ್ಲನೆ ಅವುಗಳ ಹಿಂದೆಯೇ ಹೋಯಿತು. ಅವರು ತೀರಿಕೊಂಡ ಮೇಲೆ, ಈ ರೋಗ ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ ಎಂದು ಆಸ್ಪತ್ರೆಯವರು ತಿಳಿಸಿದರು. ಅಕ್ಕ, ತಮ್ಮ ಇಬ್ಬರೂ ಅದನ್ನು ತಮ್ಮ ಮನೆಯ ರೀತಿಯಲ್ಲೇ ಅರ್ಥಮಾಡಿಕೊಂಡರು. ಆ ಮನೆಯಲ್ಲಿ ಯಾವುದನ್ನು ಹಂಚುವಾಗಲೂ ಒಬ್ಬರು ಕತ್ತರಿಸಬೇಕು, ಇನ್ನೊಬ್ಬರು ಆರಿಸಿಕೊಳ್ಳಬೇಕು; ಒಬ್ಬರು ಎತ್ತಿಕೊಂಡದ್ದು ಇನ್ನೊಬ್ಬರಿಗಿಲ್ಲ. ಅದು ಅಮ್ಮ ಮಾಡಿಟ್ಟುಹೋದ ಕಟ್ಟಳೆ.

ಮೊದಲು ಪರೀಕ್ಷೆಗೆ ರಕ್ತ ಕೊಟ್ಟವಳು ಅಕ್ಕ. ರೋಗ ತನ್ನಲ್ಲಿದೆಯೆಂದು ತಿಳಿದ ದಿನ ಅವಳು ತಮ್ಮನ ಹೊಲಿಗೆಯಂಗಡಿಗೆ ಬಂದು, ಇಸ್ತ್ರಿಯ ಮೇಜನ್ನೇರಿ ಕುಳಿತು ಕಾಲಾಡಿಸಿದಳು.

"ದೊಡ್ಡ ತುಂಡು ಯಾವಾಗ್ಲೂ ನಂದೇ ಅಲ್ವೇನೋ? ಇದೂ ನಂಗೇ ಬಂತು. ನೀನು ಬಚಾವಾದೆ."

"ಸುಮ್ನಿರೇ ಅಕ್ಕಾ."

"ಯಾಕೆ ಸುಮ್ನಿರ್ಲಿ? ನಿಂಗಾದ್ರೂ ತಪ್ಪಿತಲ್ಲ, ಅದೊಂದೇ ನಂಗೆ ಸಮಾಧಾನ. ಮದುವೆ ಬೇಡ ಅನ್ನೋಕೆ ಇನ್ನು ನೆಪ ಇಲ್ಲ, ಗೂಬೆ!"

ತಿಂಗಳೊಂದು ಕಳೆದ ಮೇಲೆ, ಅವಳ ಕಾಗದಗಳನ್ನು ತರಲು ಅವನೊಬ್ಬನೇ ಆಸ್ಪತ್ರೆಗೆ ಹೋದನು.

"ನೀವು ಪರೀಕ್ಷೆ ಮಾಡಿಸ್ಕೊಳ್ಳಲ್ವಾ?" ಎಂದರು ವೈದ್ಯೆ.

"ನಂಗ್ಯಾಕೆ ಮೇಡಂ? ಇಬ್ಬರಲ್ಲಿ ಒಬ್ಬರಿಗೆ ತಾನೇ?"

ವೈದ್ಯೆ ಪೆನ್ನು ಕೆಳಗಿಟ್ಟರು. "ಹಾಗಲ್ಲಪ್ಪಾ. ಅವರದ್ದು ಅವರಿಗೆ, ನಿಮ್ಮದು ನಿಮಗೆ. ಅವರಿಗೆ ಬಂತು ಅಂತ ನಿಮಗೇನೂ ಕಮ್ಮಿ ಆಗಲ್ಲ. ನೀವಿನ್ನೂ ಅರ್ಧಕ್ಕರ್ಧದಲ್ಲೇ ಇದ್ದೀರಿ."

ಒಬ್ಬರ ಅಳತೆಯಿಂದ ಇನ್ನೊಬ್ಬರ ಅಂಗಿ ಹೊಲಿಯಲಾಗದೆಂಬುದು ಇಪ್ಪತ್ತು ವರ್ಷ ಟೇಪು ಹಿಡಿದವನಿಗೆ ಹೊಸ ಮಾತಲ್ಲ. ಆದರೂ ಅವನು ಕುರ್ಚಿಯ ಕೈ ಹಿಡಿದುಕೊಂಡನು. ತನ್ನ ಪಾಡು ಹೊಳೆಯುವ ಮೊದಲೇ ಅಕ್ಕನ ಮುಖ ಕಣ್ಣೆದುರು ಬಂದಿತ್ತು. ಅವಳಿಗೆ ಉಳಿದಿದ್ದುದು ಒಂದೇ ಸಮಾಧಾನ. ಅದನ್ನು ಕಿತ್ತುಕೊಳ್ಳಬಲ್ಲವನು ಈಗ ತಾನು.

ಕೊನೆಗೆ ಪರೀಕ್ಷೆಗೆ ಒಪ್ಪಿದನು. ವೈದ್ಯೆ ಅರ್ಜಿಯನ್ನು ಮುಂದೆ ಸರಿಸಿ, ಕೊನೆಯ ಗೆರೆಯನ್ನು ತೋರಿಸಿದರು.

"ಫಲಿತಾಂಶದ ದಿನ ಒಬ್ಬರೇ ಬರಬೇಡಿ. ತೀರಾ ಹತ್ತಿರದವರನ್ನ ಕರ್ಕೊಂಡು ಬನ್ನಿ. ಅವರ ಹೆಸರು ಇಲ್ಲಿ ಬರೀರಿ."

ಅಷ್ಟರಲ್ಲಿ ಫೋನು ಸದ್ದು ಮಾಡಿತು.

"ಏನಂದ್ರೋ? ನಿನ್ನ ವಿಷಯ ಏನಾದ್ರೂ ತೆಗೆದ್ರಾ?" ಅಕ್ಕನ ದನಿ.

"ಇಲ್ಲ ಕಣೇ. ನಿನ್ನ ಕಾಗದ ಕೊಟ್ರು, ಅಷ್ಟೇ."

"ನಾ ಹೇಳ್ಲಿಲ್ವಾ ಮತ್ತೆ!"

ಅವಳ ನಗು ಮೇಜಿನಾಚೆಗೂ ಕೇಳಿಸಿತು. ವೈದ್ಯೆ ಕಿಟಕಿಯ ಕಡೆ ತಿರುಗಿದರು.

ಫೋನನ್ನು ಜೇಬಿಗಿಳಿಸಿ, ಅವನು ಆ ಗೆರೆಯ ಮೇಲೆ ತನ್ನ ಹೆಸರನ್ನೇ ಇನ್ನೊಮ್ಮೆ ಬರೆದನು.