ರಂಗಮ್ಮನ ಪ್ರೊಫೈಲ್

ಸರ್ವಮಂಗಳಳ ನೋಟ್ಸು ಒಟ್ಟು ಎಂಟೇ ಪುಟ. ಬೆಳ್ಳಾವಿ ಹತ್ತಿರದ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿ, ಗಂಟಲು ಹರಿದುಕೊಂಡು, ಯಾವುದು ಮಕ್ಕಳ ತಲೆಗೆ ಇಳಿಯುತ್ತದೆ, ಯಾವುದು ಜಪ್ಪಯ್ಯ ಅಂದರೂ ಇಳಿಯುವುದಿಲ್ಲ ಎಂದು ಕಂಡುಕೊಂಡು ಕೈಯಾರೆ ಬರೆದ ಎಂಟು ಪುಟ. ಪ್ರತಿ ಡಿಸೆಂಬರಿನಲ್ಲಿ ಗುಬ್ಬಿಯಲ್ಲಿ ತನ್ನ ಮನೆ ಹತ್ತಿರದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ಹಂಚುವಳು. ಒಂದು ಸಾಲು ಇಂಗ್ಲಿಷ್ ಓದಲು ಬೆವರುವ ಮಕ್ಕಳೂ ಅದನ್ನು ಹಿಡಿದು ಪಾಸಾಗಿದ್ದವು.

ಅದರಲ್ಲಿ ಮೂರು ಮಾರ್ಕ್ಸಿನ ಪ್ರೊಫೈಲ್ ಪ್ರಶ್ನೆ ಬಹಳ ಮುಖ್ಯ. ಯಾರೋ ಒಬ್ಬರ ಹೆಸರು, ವಯಸ್ಸು, ಊರು, ಓದು, ಕೆಲಸ ಎಲ್ಲವನ್ನೂ ಪ್ರಶ್ನೆಪತ್ರಿಕೆಯಲ್ಲೇ ಪಟ್ಟಿ ಮಾಡಿ ಕೊಟ್ಟಿರುತ್ತಾರೆ. ಅದನ್ನು ವಾಕ್ಯವಾಗಿಸಿ ಬರೆದರೆ ಸಾಕು. ದೊಡ್ಡ ದೊಡ್ಡವರ ಉದಾಹರಣೆ ಕೊಟ್ಟರೆ ಮಕ್ಕಳು ಆಕಳಿಸುತ್ತವೆ ಎಂದು ಸರ್ವಮಂಗಳ ಬಿಸಿಯೂಟ ಮಾಡುವ ರಂಗಮ್ಮನನ್ನೇ ಉದಾಹರಣೆ ಮಾಡಿಕೊಂಡಿದ್ದಳು. ಹುಟ್ಟಿದ್ದು ಮಾರ್ಕೋನಹಳ್ಳಿ, ಓದಿದ್ದು ನಾಲ್ಕನೇ ಕ್ಲಾಸು, ಮಾಡುವುದು ಇನ್ನೂರು ಮಕ್ಕಳಿಗೆ ಅಡುಗೆ. "ವಯಸ್ಸು ಮಾತ್ರ ಎಲ್ಡು ಕಮ್ಮಿ ಹಾಕ್ಕಳಿ ಮೇಡಮ್ಮೋರೆ" ಎಂದಿದ್ದಳು ರಂಗಮ್ಮ. ಹಾಗೇ ಹಾಕಿದ್ದಳು.

ಮೊದಲ ಪುಟದಲ್ಲಿ ತನ್ನ ಹೆಸರಿನ ಕೆಳಗೆ ಸರ್ವಮಂಗಳ ಕನ್ನಡದಲ್ಲಿ ನಾಲ್ಕು ಸಾಲು ಬರೆದಿರುತ್ತಿದ್ದಳು: "ಮಕ್ಕಳೇ, ಇವನ್ನು ಬಾಯಿಪಾಠ ಮಾಡಬೇಡಿ. ಇವು ಬರೀ ಮಾದರಿ. ಪರೀಕ್ಷೆಯಲ್ಲಿ ರಂಗಮ್ಮ ಬರುವುದಿಲ್ಲ. ಅಲ್ಲಿ ಯಾರನ್ನು ಕೊಟ್ಟಿದ್ದಾರೋ ಅವರ ವಿಷಯ ಹಾಕಿ ಬರೆಯಿರಿ."

ಎರಡು ವರ್ಷದ ಹಿಂದೆ ಅದೇ ಶಾಲೆಗೆ ಅತಿಥಿ ಶಿಕ್ಷಕನಾಗಿ ಬಂದಿದ್ದ ಗುರುಪ್ರಕಾಶ್, "ಮೇಡಂ, ಒಂದ್ ಸೆಟ್ ಕೊಡಿ, ನೋಡ್ಕೊಂಡು ಕೊಡ್ತೀನಿ" ಎಂದು ಇಸಿದುಕೊಂಡ. ಆಮೇಲೆ ಕುಣಿಗಲ್ ಕಡೆ ಹೋದ. ಹೋದವನು ಸುಮ್ಮನಿರಲಿಲ್ಲ. ಜಿಪಿ ಸರ್ ಎಂಬ ಹೆಸರಿನಲ್ಲಿ ಯೂಟ್ಯೂಬ್ ಚಾನೆಲ್ ಶುರು ಮಾಡಿದ, ಒಂದು ಬ್ಲಾಗೂ ಮಾಡಿದ. ಪುಣ್ಯಾತ್ಮನಿಗೆ ಮಾತು ಚೆನ್ನಾಗಿತ್ತು, ಕ್ಯಾಮೆರಾ ಮುಂದೆ ಕೈ ಬೀಸುವುದು ಇನ್ನೂ ಚೆನ್ನಾಗಿತ್ತು. ಒಂದೇ ವರ್ಷದಲ್ಲಿ ಲಕ್ಷ ಜನ ನೋಡುವವರಾದರು.

ಈ ವಿಷಯ ಸರ್ವಮಂಗಳಳಿಗೆ ತಿಳಿದದ್ದು ಕಳೆದ ನವೆಂಬರಿನಲ್ಲಿ, ತುಮಕೂರಿನಲ್ಲಿ ನಡೆದ ಫಲಿತಾಂಶ ಸುಧಾರಣೆಯ ತರಬೇತಿಯಲ್ಲಿ. ಸಂಪನ್ಮೂಲ ವ್ಯಕ್ತಿ ಎಲ್ಲರ ಕೈಗೂ ಒಂದೊಂದು ಪ್ರಿಂಟ್ ಕೊಟ್ಟು, "ಆನ್‌ಲೈನಲ್ಲಿ ಇದಕ್ಕಿಂತ ಒಳ್ಳೆ ಮೆಟೀರಿಯಲ್ ಇಲ್ಲ, ಕಣ್ಣಿಗೆ ಒತ್ಕೊಂಡು ಮಕ್ಕಳಿಗೆ ಹಂಚಿ" ಎಂದರು. ಸರ್ವಮಂಗಳ ಪುಟ ತಿರುಗಿಸಿದಳು. ಕಣ್ಣಿಗೆ ಬಿದ್ದವಳು ರಂಗಮ್ಮ! ಎರಡು ವರ್ಷ ಕಮ್ಮಿ ಮಾಡಿದ ಅದೇ ವಯಸ್ಸು, ಅದೇ ಮಾರ್ಕೋನಹಳ್ಳಿ. ಅಕ್ಷರಗಳ ಮೇಲೆ ಅಡ್ಡಡ್ಡ 'ಜಿಪಿ ಸರ್' ಎಂಬ ಮುದ್ರೆ. ಮೊದಲ ಪುಟವೇ ಇರಲಿಲ್ಲ. ಅದರ ಜಾಗದಲ್ಲಿ ಕೋಟು ಹಾಕಿ ಕೈಕಟ್ಟಿ ನಿಂತ ಗುರುಪ್ರಕಾಶನ ಫೋಟೋ. ಸರ್ವಮಂಗಳಳಿಗೆ ಮೈಯೆಲ್ಲ ಉರಿದು ಹೋಯಿತು.

ಊಟದ ಹೊತ್ತಿಗೆ ಫೋನ್ ಮಾಡಿದಳು.

"ಏನ್ ಮೇಡಂ ಇಷ್ಟಕ್ಕೆಲ್ಲ ಬೇಜಾರಾ? ನಿಮ್ ನೋಟ್ಸು ಬೆಳ್ಳಾವಿ ದಾಟಿತ್ತಾ? ಇವತ್ತು ಬೀದರ್ ಮಕ್ಳು ಓದ್ತಾವೆ. ನೀವೇ ನಂಗೆ ಥ್ಯಾಂಕ್ಸ್ ಹೇಳ್ಬೇಕು!"

"ಥ್ಯಾಂಕ್ಸು ಆಮೇಲ್ ನೋಡಣ. ಮೊದ್ಲು ನನ್ ಹೆಸರು ಹಾಕಪ್ಪ."

"ಹಾಕ್ತೀನಿ ಮೇಡಂ, ಮುಂದಿನ್ ಅಪ್‌ಡೇಟಲ್ಲಿ."

ಆ ಅಪ್‌ಡೇಟು ಬರಲೇ ಇಲ್ಲ. ಜಿಲ್ಲೆಯ ಇಂಗ್ಲಿಷ್ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ 'ಇದು ನನ್ನ ನೋಟ್ಸು' ಎಂದು ಹಾಕಿದಳು. ಅಡ್ಮಿನ್ ಅದನ್ನು ಅಳಿಸಿ 'ವೈಯಕ್ತಿಕ ವಿಷಯ ಬೇಡ' ಎಂದು ಬರೆದ. ಅದರ ಕೆಳಗೆ ಯಾರೋ ಜಿಪಿ ಸರ್ ಪಿಡಿಎಫನ್ನು ಮತ್ತೆ ಹಾಕಿದರು, ನಲವತ್ತು ಜನ ಕೈ ಮುಗಿದರು. ಇದೂ ಸಾಲದು ಎಂಬಂತೆ, ಜನವರಿಯಲ್ಲಿ, ಅವಳ ನೋಟ್ಸು ಇನ್ನೂ ಕೈಗೆ ಸಿಗದಿದ್ದ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಜಿಪಿ ಸರ್ ನೋಟ್ಸು ಸೂಪರಾಗಿದೆ, ನೀವೂ ಅದನ್ನೇ ಬರ್ಸಿ ಮಿಸ್" ಅಂದಳು. ಸಿಟ್ಟು ಮಾಡಲೂ ಆಗದೆ, ನಗಲೂ ಆಗದೆ ಸರ್ವಮಂಗಳ ಬೋರ್ಡಿನ ಕಡೆ ತಿರುಗಿದಳು. ಆ ಎಂಟು ಪುಟ ಬರೆದವಳು ತಾನು ಎಂದು ಇಲಾಖೆಯಲ್ಲಿ ಒಬ್ಬರಾದರೂ ಒಪ್ಪಬೇಕು. ಅವಳ ಹಟ ಅಷ್ಟೇ.

ಏಪ್ರಿಲ್‌ನಲ್ಲಿ ತುಮಕೂರಿನಲ್ಲಿ ಮೌಲ್ಯಮಾಪನ ಶುರುವಾಯಿತು. ಯಾವುದೋ ದೂರದ ಜಿಲ್ಲೆಯ ಉತ್ತರಪತ್ರಿಕೆಗಳ ಬಂಡಲುಗಳು. ಒಂದು ಮೇಜಿಗೆ ಆರು ಜನ ಟೀಚರುಗಳು, ಅವರ ಮೇಲೆ ಡಿಸಿ ಲಕ್ಷ್ಮೀನರಸಿಂಹಯ್ಯನವರು. ಇಲ್ಲಿ ಡಿಸಿ ಎಂದರೆ ಜಿಲ್ಲಾಧಿಕಾರಿಯಲ್ಲ, ತಿದ್ದಿದ್ದನ್ನು ಮತ್ತೆ ನೋಡಿ ಸಹಿ ಹಾಕುವ ಹಿರಿಯ ಶಿಕ್ಷಕರು. ಆದರೆ ಗತ್ತಿಗೇನೂ ಕಮ್ಮಿ ಇಲ್ಲ.

ನಾಲ್ಕನೇ ಪತ್ರಿಕೆಯಲ್ಲಿ ಸರ್ವಮಂಗಳಳ ಕೆಂಪು ಪೆನ್ನು ನಿಂತಿತು. 'ಶ್ರೀಮತಿ ರಂಗಮ್ಮ ಈಸ್ ಎ ಕುಕ್ ಇನ್ ಅವರ್ ಸ್ಕೂಲ್' ಎಂದು ಸೊಟ್ಟ ಅಕ್ಷರದಲ್ಲಿ ಬರೆದಿತ್ತು. ಸುಳ್ಳೇಕೆ, ಮೊದಲು ಅವಳಿಗೆ ಖುಷಿಯೇ ಆಯಿತು. ಹೆಸರಿಲ್ಲದಿದ್ದರೆ ಹೋಗಲಿ, ತನ್ನ ವಾಕ್ಯ ಎಲ್ಲೆಲ್ಲಿಗೆ ಹೋಗಿ ಕೂತಿದೆ ನೋಡು ಎನಿಸಿತು. ಆಮೇಲೆ ಪ್ರಶ್ನೆ ನೋಡಿದಳು. ಅಲ್ಲಿ ಕೊಟ್ಟಿದ್ದದ್ದು ಒಬ್ಬ ನಿವೃತ್ತ ನರ್ಸಿನ ವಿವರ. ಮಗು ಅತ್ತ ಕಣ್ಣೂ ಹಾಯಿಸಿರಲಿಲ್ಲ. ಗಟ್ಟು ಹೊಡೆದದ್ದನ್ನು ಹಾಗೇ ಇಳಿಸಿತ್ತು.

ಮುಂದಿನದರಲ್ಲೂ ರಂಗಮ್ಮ. ಅದರ ಮುಂದಿನದು ಖಾಲಿ. ಆಮೇಲೆ ಮತ್ತೆ ರಂಗಮ್ಮ. ಮಧ್ಯಾಹ್ನದೊಳಗೆ ಹನ್ನೊಂದು ಪತ್ರಿಕೆಗಳಲ್ಲಿ ರಂಗಮ್ಮ ಅಡುಗೆ ಮಾಡಿದ್ದಳು. ಹನ್ನೊಂದಕ್ಕೂ ಸೊನ್ನೆ ಸುತ್ತುವಷ್ಟರಲ್ಲಿ ಸರ್ವಮಂಗಳಳಿಗೆ ಅಳು ಬರುವಂತಾಗಿತ್ತು. ಕದಿಯುವವನು ಕದ್ದ, ಹೋಗಲಿ. ಆ ನಾಲ್ಕು ಸಾಲು ಇಟ್ಟುಕೊಳ್ಳುವುದಕ್ಕೆ ಅವನಿಗೇನು ಧಾಡಿಯಾಗಿತ್ತು?

ಊಟದ ಮೇಲೆ ತಿದ್ದಿದ ಒಂದು ಪತ್ರಿಕೆಯಲ್ಲಿ ಒಟ್ಟು ಹಾಕಿ ನೋಡಿದರೆ ಪಾಸಿಗೆ ಎರಡೇ ಮಾರ್ಕ್ಸ್ ಕಮ್ಮಿ. ಪ್ರೊಫೈಲ್ ಒಂದು ಉಳಿದಿತ್ತು. ತಿರುಗಿಸಿದರೆ ಅಲ್ಲೂ ರಂಗಮ್ಮ. ಒಂದು ಕಾಗುಣಿತವೂ ತಪ್ಪಿಲ್ಲ, ಒಂದು ಪೂರ್ಣವಿರಾಮವೂ ಬಿಟ್ಟಿಲ್ಲ. ಪಾಪದ್ದು ಎಷ್ಟು ದಿನ ಕೂತು ಉರು ಹೊಡೆದಿತ್ತೋ ಏನೋ. ಸರ್ವಮಂಗಳ ಪತ್ರಿಕೆ ಹಿಡಿದು ಡಿಸಿ ಹತ್ತಿರ ಹೋದಳು.

"ಸಾರ್, ಭಾಷೆ ಸರಿಯಾಗಿದೆ. ಎರಡು ಮಾರ್ಕ್ಸ್ ಕೊಡ್ಬೋದಾ?"

ಲಕ್ಷ್ಮೀನರಸಿಂಹಯ್ಯ ಕನ್ನಡಕ ಏರಿಸಿ ಓದಿದರು. "ನರ್ಸು ಕೇಳಿದ್ರೆ ಅಡುಗೆಯೋಳ್ನ ಬರೆದವ್ನಲ್ರೀ! ಕೊಟ್ಟಿರೋ ವಿವರ ಒಂದೂ ಇಲ್ಲ. ಕೀ ಆನ್ಸರ್‌ನಲ್ಲಿ ಏನಿದೆ? ಸೊನ್ನೆ."

"ಎರಡಕ್ಕೇ ಫೇಲಾಗ್ತದೆ ಸಾರ್ ಮಗು."

"ನಂಗೇನು ಖುಷೀನಾ ಮೇಡಂ? ಬೆಳಗ್ಗಿಂದ ಇದೇ ರಂಗಮ್ಮನ್ನ ನೋಡಿ ನೋಡಿ ತಲೆ ಕೆಟ್ಟೋಗದೆ. ಯಾವನ್ರೀ ಈ ಹುಡುಗ್ರಿಗೆ ಇದನ್ನ ಬರ್ಕೊಟ್ಟೋನು?"

ಮೇಜಿನ ಆ ತುದಿಯಿಂದ ಅನುಪಮಾ ಎಂಬ ಹೊಸ ಟೀಚರು ತಲೆ ಎತ್ತಿದಳು. "ಜಿಪಿ ಸರ್ ನೋಟ್ಸ್ ಸಾರ್ ಅದು."

"ಅವನ್ಗೆ ಬುದ್ಧಿ ಬೇಡ್ವಾ? ಮಕ್ಳ ಬಾಯಿಗೆ ಮಣ್ಣು ಹಾಕವ್ನೆ. ರಿಪೋರ್ಟಲ್ಲಿ ಬರೀತೀನಿ ನಾನು."

ಐದು ತಿಂಗಳಿಂದ ಸರ್ವಮಂಗಳ ಬೇಡಿಕೊಂಡದ್ದು ಇಂಥದೊಂದು ಗಳಿಗೆಯನ್ನೇ. ಸುಮ್ಮನೆ ನಿಂತಿದ್ದರೆ ಸಾಕಿತ್ತು, ತಪ್ಪೆಲ್ಲ ಗುರುಪ್ರಕಾಶನ ತಲೆಗೇ ಹೋಗುತ್ತಿತ್ತು. ಒಂದು ಕ್ಷಣ ಹಾಗೇ ಅನಿಸಿತು ಕೂಡ. ಆದರೆ ಆ ಸೊಟ್ಟ ಅಕ್ಷರದ ವಾಕ್ಯಗಳು ಅವಳವು. ಒಂದೊಂದನ್ನೂ ಅವಳೇ ಕೂತು ಬರೆದಿದ್ದಳು.

"ಜಿಪಿದಲ್ಲ ಸಾರ್. ಅದು ನಂದು."

ಮೇಜಿನಲ್ಲಿದ್ದವರೆಲ್ಲ ತಿರುಗಿದರು.

"ರಂಗಮ್ಮ ನಮ್ ಸ್ಕೂಲಲ್ಲೇ ಅಡುಗೆ ಮಾಡೋದು. ಬರ್ದಿದ್ದು ನಾನು. ಬಾಯಿಪಾಠ ಮಾಡ್ಬೇಡಿ ಅಂತ ಮೊದಲ್ನೇ ಪುಟದಲ್ಲೇ ಬರ್ದಿದ್ದೆ ಸಾರ್. ಅವನು ಆ ಪುಟಾನೇ ಕಿತ್ತಾಕಿ..."

ಲಕ್ಷ್ಮೀನರಸಿಂಹಯ್ಯ ಅವಳನ್ನೇ ನೋಡಿದರು. ನಂಬಿದರು ಎಂದು ಮುಖದಲ್ಲೇ ಗೊತ್ತಾಯಿತು. ಅವರು ಪತ್ರಿಕೆಯನ್ನು ಮೆಲ್ಲಗೆ ಅವಳ ಕಡೆ ಸರಿಸಿದರು.

"ಸರಿ ಮೇಡಂ, ನಿಮ್ದೇ. ಹಂಗಾರೆ ಸೊನ್ನೇನೂ ನೀವೇ ಹಾಕಿ, ನಾನು ಸಹಿ ಮಾಡ್ತೀನಿ."

ಸರ್ವಮಂಗಳ ಸೊನ್ನೆ ಸುತ್ತಿದಳು. ಒಟ್ಟು ಬರೆದಳು. ಯಾವ ಊರಿನ ಮಗು, ಹುಡುಗಿಯೋ ಹುಡುಗನೋ ಎಂದು ಮೇಲಿನ ಪುಟ ತಿರುಗಿಸಿದಳು. ಹೆಸರಿನ ಜಾಗವನ್ನು ಮೊದಲೇ ಕತ್ತರಿಸಿ ತೆಗೆದಿದ್ದರು.