ಅರ್ಧ ಕೊಂಡಿಯ ಸೀರೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಇಳಕಲ್ಲಿನ ನೇಕಾರ ಅಮಾತೆಪ್ಪ ತನ್ನ ಅಣ್ಣ ಪಾಂಡಪ್ಪನ ಬಲಗೈಯನ್ನು ಕಬ್ಬಿಣದ ಸಲಾಕೆಯಿಂದ ಹೊಡೆದು ಮುರಿದ. ೧೯೭೯ರ ಫೆಬ್ರುವರಿ, ಶನಿವಾರ. ಆಗ ಮನೆಯಲ್ಲಿ ಅವರ ತಾಯಿ ಸಂಗವ್ವ ಇದ್ದಳು. ಹೊರಗಿನವರು ಇಬ್ಬರು: ಐಹೊಳೆಯ ಗೈಡ್ ಮಲೀಕಸಾಬ ಮತ್ತು ಇಟಲಿಯ ಶಾಲಾ ಶಿಕ್ಷಕಿ ಲುಚಿಯಾ.

ಲುಚಿಯಾ ಬೆಳಗ್ಗೆ ಎಂಟಕ್ಕೇ ಐಹೊಳೆ ತಲುಪಿದ್ದಳು. ಮಲೀಕಸಾಬ ಗುಡಿಗಳನ್ನು ಒಂದೊಂದಾಗಿ ತೋರಿಸಿದ. ಮೂಗಿಲ್ಲದ ದ್ವಾರಪಾಲಕರು, ಮೊಣಕೈವರೆಗೆ ಮಾತ್ರ ಉಳಿದ ದೇವತೆಗಳು. ಇವನ್ನು ಒಡೆದವರು ಯಾರೆಂದು ಅವಳು ಕೇಳಿದಳು. ಯಾವುದೋ ದಂಡು ಬಂದು ಒಡೆಯಿತೆಂದು ಊರವರು ಹೇಳುತ್ತಾರೆ, ಚಿಕ್ಕವನಿದ್ದಾಗ ತಾನೂ ಗುರಿಯಿಟ್ಟು ಕಲ್ಲು ಒಗೆದದ್ದುಂಟು ಎಂದು ಮಲೀಕಸಾಬ ತನಗೆ ಬರುವ ಇಂಗ್ಲಿಷಿನಲ್ಲಿ ಒಪ್ಪಿಕೊಂಡ.

ಐಹೊಳೆ ನೋಡಿದವರು ಸಾಮಾನ್ಯವಾಗಿ ಬಾದಾಮಿಗೆ ಮರಳಿ ರೈಲು ಹಿಡಿಯುತ್ತಾರೆ. ಲುಚಿಯಾ ಮಾತ್ರ, ಪ್ರವಾಸಿಗಳು ಕಾಲಿಡದ, ಜನ ತುಂಬಿದ ಊರು ಹತ್ತಿರದಲ್ಲಿ ಯಾವುದಿದೆ ಎಂದು ಕೇಳಿದಳು. ಅವಳದು ನೇಪಲ್ಸ್. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೆ ನೋಡಲು ಜಗತ್ತೆಲ್ಲ ಬರುತ್ತದೆ. ಅದೇ ಜಗತ್ತು ಪಕ್ಕದ ನೇಪಲ್ಸಿನಲ್ಲಿ ಕಳ್ಳರು, ಚೂರಿ ಹಾಕುವವರು ಇದ್ದಾರೆಂದು ಹೆದರಿ ಬಸ್ಸಿನಿಂದ ಇಳಿಯದೆ ಹೋಗುತ್ತದೆ. ಸತ್ತ ಊರಿಗೆ ಟಿಕೆಟ್ಟು, ಬದುಕಿರುವ ಊರಿಗೆ ಬೆನ್ನು, ಎಂದಳು.

ಗದ್ದಲ ಬೇಕಿದ್ದರೆ ಇಳಕಲ್ಲಿಗೆ ಹೋಗಬೇಕು ಎಂದ ಮಲೀಕಸಾಬ.

ಅಮೀನಗಡದಲ್ಲಿ ಬಸ್ಸು ಬದಲಿಸುವಾಗ ಒಂದು ಟಗರಿಗಾಗಿ ಇಬ್ಬರು ಹೊಡೆದಾಡುತ್ತಿದ್ದರು. ಕೆಳಗೆ ಬಿದ್ದವನ ಬಾಯಿಂದ ರಕ್ತ ಸುರಿಯುತ್ತಿತ್ತು. ಆಗಷ್ಟೇ ಕೊಂಡ ಕರದಂಟು ಸಿಹಿಯ ಪೊಟ್ಟಣ ಹಿಡಿದುಕೊಂಡು ಲುಚಿಯಾ ನಿಂತು ನೋಡಿದಳು. ಹುನಗುಂದ ದಾಟಿ ಇಳಕಲ್ಲಿನಲ್ಲಿ ಇಳಿದಾಗ ಎರಡು ಗಂಟೆ. ಕೆಂಪು ಕಲ್ಲಿನ ದಿಮ್ಮಿ ಹೊತ್ತ ಲಾರಿ, ಅದರ ಹಿಂದೆ ಬೈಗುಳ, ಮೆಣಸಿನಕಾಯಿ ಭಜಿಯ ಹೊಗೆ. ಓಣಿಗೆ ತಿರುಗಿದರೆ ಬಾಗಿಲು ಬಾಗಿಲಿಗೂ ಮಗ್ಗದ ಸದ್ದು. ಅವಳು ನಗುತ್ತಲೇ ನಡೆದಳು.

ಪಾಂಡಪ್ಪ ಮಲೀಕಸಾಬನ ಹಳೆಯ ಪರಿಚಯದವನು.

“ಪಾಂಡಪ್ಪಣ್ಣಾ, ಇಟ್ಲಿಯಿಂದ ಬಂದಾರ. ಮಗ್ಗಾ ತೋರಸು.”

“ಕಲ್ಲು ನೋಡಿ ಬ್ಯಾಸರಾತೇನು ಇವರಿಗೆ?”

“ಕಲ್ಲು ಮಾತಾಡೂದಿಲ್ಲ. ನೀ ಭಾಳ ಮಾತಾಡ್ತಿ, ಅದಕ್ಕ ಕರಕೊಂಡು ಬಂದೆ.”

ಇಳಕಲ್ ಸೀರೆಯ ಒಡಲಿಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಬೇರೊಂದು ಹಾಸು. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಕೈಯಿಂದಲೇ ಸಿಕ್ಕಿಸಿ ಬೆಸೆಯಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಪಾಂಡಪ್ಪನ ಮಗ್ಗದ ಮೇಲೆ ಬಲಗಡೆಯ ಅರ್ಧಕ್ಕೆ ಕೊಂಡಿ ಬಿದ್ದಿತ್ತು. ಎಡಗಡೆಯ ಎಳೆಗಳು ಹಾಗೇ ಸಡಿಲವಾಗಿದ್ದವು.

ಅದಕ್ಕೆ ಕಾರಣವಿತ್ತು. ಅಣ್ಣತಮ್ಮಂದಿರು ಬೇರೆಯಾಗುವ ಮುನ್ನ ಕಡೆಯ ಸೀರೆಯ ಕೊಂಡಿಯನ್ನು ಅರ್ಧರ್ಧ ಹಾಕಬೇಕು, ಅದು ಮಗ್ಗದಿಂದ ಇಳಿದ ದಿನ ಮನೆ ಎರಡಾಗಬೇಕು ಎಂಬುದು ಆ ಮನೆತನದ ಪದ್ಧತಿ. ಇದ್ದದ್ದು ಒಂದೇ ಮಗ್ಗ. ಪಾಲಿನಲ್ಲಿ ಅದು ಅಣ್ಣನಿಗೆ ಹೋಗಿತ್ತು. ಪಾಂಡಪ್ಪ ತನ್ನ ಅರ್ಧವನ್ನು ಒಂದೇ ದಿನದಲ್ಲಿ ಮುಗಿಸಿದ. ಮಗ್ಗ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲದ ಅಮಾತೆಪ್ಪ ಹತ್ತೊಂಬತ್ತು ದಿನದಿಂದ ಒಂದೆಳೆಯನ್ನೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ಎರಡು ಸಲ ಹೊಡೆದಾಟವಾಗಿ ಅವನ ಒಂದು ಹಲ್ಲು ಹೋಗಿತ್ತು.

ಇದು ಲುಚಿಯಾಳಿಗೆ ಗೊತ್ತಿರಲಿಲ್ಲ. ಎರಡು ಬಟ್ಟೆ ಒಂದಾಗುವ ಬಗೆ ಅರ್ಧಕ್ಕೆ ನಿಂತ ಕೊಂಡಿಯಲ್ಲಿ ಮಾತ್ರ ಕಾಣುತ್ತದೆ, ತನ್ನ ಶಾಲೆಯ ಮಕ್ಕಳಿಗೆ ತೋರಿಸಲು ಇದನ್ನೇ ಕತ್ತರಿಸಿ ಕೊಡಬಹುದೇ ಎಂದು ಕೇಳಿದಳು. ಮಲೀಕಸಾಬ ಅದನ್ನು ಕನ್ನಡದಲ್ಲಿ ಹೇಳಿ, “ಆಗೂದಿಲ್ಲಂತ ಹೇಳ್ತೇನಿ, ಬಿಡು,” ಎಂದು ನಕ್ಕ.

ಪಾಂಡಪ್ಪ ಬೆಲೆ ಹೇಳಲಿಲ್ಲ. ಕತ್ತರಿಗೆ ಕೈ ಹಾಕಿದ.

“ಪಾಂಡ್ಯಾ, ಕೆಳಗಿಡು ಅದನ್ನ,” ಎಂದಳು ಸಂಗವ್ವ. “ನೇಯಾಂವ ಸತ್ತಾಗ ಅಷ್ಟ ಅರ್ಧ ಕೊಂಡಿ ಕತ್ತರಸ್ತಾರ.”

“ಸತ್ತಾನಂತ ತಿಳಕೋ, ಯವ್ವಾ. ಹತ್ತೊಂಬತ್ತು ದಿನ ಹೆಣದಂಗ ಕುಂತಾನ.”

ಎಡಗಡೆಯ ಎಳೆಗಳ ಮೇಲೆ ಕತ್ತರಿ ಮೂರು ಸಲ ಆಡಿತು. ಬಣ್ಣದ ನೂಲಿನ ಗಂಟು ಹೊತ್ತು ಅಮಾತೆಪ್ಪ ಆಗಲೇ ಹೊಸ್ತಿಲಿಗೆ ಬಂದಿದ್ದ.

“ಯಾರು ಸತ್ತಾರ, ಯಣ್ಣಾ?”

“ಬಂದೇನಲೇ? ನಿನ್ನ ಪಾಲಿಂದ ಕತ್ತರಸಾಕತ್ತೇನಿ. ನೋಡು, ಕಣ್ಣು ತುಂಬ ನೋಡು.”

ಅಮಾತೆಪ್ಪ ಗಂಟು ಎಸೆದು ಗೋಡೆಗೆ ಒರಗಿಸಿದ್ದ ಸಲಾಕೆ ಎತ್ತಿಕೊಂಡ. ಪಾಂಡಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯೊಳಗೆ ಸೊಂಟದವರೆಗೆ ಇಳಿದಿದ್ದ, ಥಟ್ಟನೆ ಏಳಲಾಗಲಿಲ್ಲ. ಮೊದಲ ಏಟು ಮಣಿಕಟ್ಟಿಗೆ ಬಿತ್ತು. ಎರಡನೆಯದು ಮರದ ದಿಂಡಿನ ಮೇಲಿದ್ದ ಬೆರಳುಗಳನ್ನು ಜಜ್ಜಿತು. ಪಾಂಡಪ್ಪ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು ತಮ್ಮನ ತೊಡೆಗೆ ಚುಚ್ಚಿದ, ಎಳೆದು ಮತ್ತೆ ಚುಚ್ಚಿದ. ಅಮಾತೆಪ್ಪನನ್ನು ಹಿಂದಿನಿಂದ ತಬ್ಬಿ ಹಿಡಿದ ಮಲೀಕಸಾಬನ ತುಟಿ ಅವನ ಮೊಣಕೈ ತಾಗಿ ಒಡೆಯಿತು. ಲುಚಿಯಾ ತನ್ನ ಭಾಷೆಯಲ್ಲಿ ಚೀರಿದಳು.

ಓಣಿಯ ಮಗ್ಗಗಳು ಒಂದರ ಹಿಂದೊಂದು ನಿಂತವು. ಒಳನುಗ್ಗಿದ ನಾಲ್ವರು ಅಮಾತೆಪ್ಪನನ್ನು ನೆಲಕ್ಕೆ ಒತ್ತಿ ಹಿಡಿದರು. ಒಬ್ಬ ಅವನ ಮುಖಕ್ಕೆ ಒದ್ದ. ಯಾರೂ ತಡೆಯಲಿಲ್ಲ.

ಸಂಗವ್ವ ಕುಣಿಯಲ್ಲಿ ಬಿದ್ದಿದ್ದ ಕತ್ತರಿಯನ್ನು ಎತ್ತಿ ತಾನುಟ್ಟ ಸೀರೆಗೆ ಒರೆಸಿದಳು.

ಪಾಂಡಪ್ಪನ ಜಜ್ಜಿದ ಕೈ ನೋಡಿ, “ಈಗ ಕತ್ತರಸಬಹುದು,” ಎಂದಳು.

ಕತ್ತರಿ ಮೊಂಡಾಗಿತ್ತು. ಉಳಿದ ಎಳೆಗಳನ್ನು, ಕೊಂಡಿ ಬಿದ್ದದ್ದನ್ನೂ ಬೀಳದ್ದನ್ನೂ, ಹಿಡಿಹಿಡಿಯಾಗಿ ಕತ್ತರಿಸಿ ತುಂಡನ್ನು ಲುಚಿಯಾಳ ಮುಂದೆ ಹಿಡಿದಳು. ಲುಚಿಯಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ತುಂಡನ್ನು ಪೊಲೀಸರು ವಶಪಡಿಸಿಕೊಂಡರು. ಅದನ್ನು ಕೇಳಿದವಳು ತಾನೇ ಎಂದು ಲುಚಿಯಾ ಎರಡು ಸಲ ಹೇಳಿದಳು. ಮಲೀಕಸಾಬ ಎರಡು ಸಲವೂ ಅದನ್ನು ಕನ್ನಡಕ್ಕೆ ತಂದ. ಬರೆದುಕೊಳ್ಳುತ್ತಿದ್ದ ಪೇದೆ ಆ ಮಾತು ಕೇಸಿಗೆ ಸಂಬಂಧಿಸಿದ್ದಲ್ಲವೆಂದು ಬಿಟ್ಟ. ಮರುದಿನ ಅವಳು ಬಾದಾಮಿಯಿಂದ ರೈಲು ಹತ್ತಿದಳು.

ಆಸ್ಪತ್ರೆಯಲ್ಲಿ ಪಾಂಡಪ್ಪನ ಎರಡು ಬೆರಳು ತೆಗೆದರು. ಅಮಾತೆಪ್ಪನಿಗೆ ಎಂಟು ತಿಂಗಳ ಸಜೆಯಾಯಿತು. ಅವನು ಬಿಡುಗಡೆಯಾಗಿ ಬಂದ ವಾರವೇ ಸಂಗವ್ವ ಅವನನ್ನು ಅದೇ ಮಗ್ಗದಲ್ಲಿ ಕೂರಿಸಿದಳು. ಇನ್ನು ಕೊಂಡಿ ಹಾಕಲಾಗದ ಪಾಂಡಪ್ಪ ಆಗಲೇ ಅಮೀನಗಡದ ಒಂದು ಕರದಂಟಿನ ಅಂಗಡಿಯಲ್ಲಿ ಕಾವಲಿಗೆ ಸೇರಿದ್ದ.